ಟಿಕ್ ಹಾಕಿದರೆ ಆಯಿತೇ?

ಮಿಸ್ಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ ಕಡೆಯ ಕನ್ನಡ ಮನೆಗಳಲ್ಲಿ ಹಿರಿಯರೊಬ್ಬರ ಮಂಡಿ ಆಪರೇಷನ್ನೋ ಹರ್ನಿಯಾ ಆಪರೇಷನ್ನೋ ಮುಗಿದು, ನೋಡಲು ಬಂದವರ ಮುಂದೆ ಮಾತು ಶುರುವಾದರೆ ನೋವಿನ ಸುದ್ದಿಗಿಂತ ಮೊದಲು ಬರುವುದು ಒಂದು ದೂರು. "ಎಷ್ಟು ಸಲ ಹೆಸರು ಕೇಳ್ತಾರೆ ಅಂತೀರಾ! ಬಾಗಿಲಲ್ಲಿ ಒಬ್ಳು, ಹಾಸಿಗೆ ಹತ್ರ ಒಬ್ಳು, ಆಮೇಲೆ ಪ್ರಜ್ಞೆ ತಪ್ಸೋ ಡಾಕ್ಟ್ರು, ಕೊನೆಗೆ ಕೊಯ್ಯೋ ಡಾಕ್ಟ್ರೂ ಬಂದು ಯಾವ ಕಾಲು ಅಂದ್ರು. ಅವರಿಗೇ ಗೊತ್ತಿಲ್ವಾ?" ಸೊಸೆ ನಗುತ್ತಾ, "ಗೊತ್ತಿರುತ್ತೆ ಅತ್ತೆ, ಆದ್ರೂ ನಿಮ್ಮ ಬಾಯಿಂದ್ಲೇ ಬರಬೇಕು" ಎನ್ನುತ್ತಾಳೆ. ಅತ್ತೆಗೆ ಸಮಾಧಾನವಿಲ್ಲ. ಊರಿನಲ್ಲಿ ಡಾಕ್ಟರು ಹೀಗೆ ಕೇಳಿದ್ದರೆ ಆ ಆಸ್ಪತ್ರೆಯ ಮೆಟ್ಟಿಲನ್ನು ಇನ್ನೊಮ್ಮೆ ಹತ್ತುತ್ತಿರಲಿಲ್ಲ.

ಆದರೆ ಇಂಥ ತಪಾಸಣೆಗೆ ನಮ್ಮವರೇ ಒಳ್ಳೆಯ ಕಾರಣ ಒದಗಿಸುತ್ತಾರೆ. ಊರಿನಲ್ಲಿ ಎರಡು ಇನಿಷಿಯಲ್ ಮುಂದೆ ಹೊತ್ತು ಬದುಕಿದವರ ಹೆಸರು ಪಾಸ್‌ಪೋರ್ಟಿಗೆ ಬರುವಾಗ ಅಪ್ಪನ ಹೆಸರು, ಗಂಡನ ಹೆಸರು, ಕೆಲವೊಮ್ಮೆ ಊರಿನ ಹೆಸರೂ ಹಿಂದು ಮುಂದಾಗಿ ಕುಳಿತುಕೊಳ್ಳುತ್ತವೆ. ಹುಟ್ಟಿದ ದಿನದ ಕಥೆ ಇನ್ನೂ ಸೊಗಸು. ಎಪ್ಪತ್ತು ದಾಟಿದ ಎಷ್ಟೋ ಜನರ ಜನ್ಮದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು, ಬಹುಮಟ್ಟಿಗೆ ಜೂನ್ ತಿಂಗಳಿನದು. ನಿಜವಾದದ್ದು ಕೇಳಿದರೆ ಶ್ರಾವಣ ಮಾಸ, ಮೂಲಾ ನಕ್ಷತ್ರ ಎಂದು ಹೇಳುತ್ತಾರೆ. ಆಸ್ಪತ್ರೆಯಲ್ಲಿ ರೋಗಿಯನ್ನು ಗುರುತಿಸಲು ಕನಿಷ್ಠ ಎರಡು ಗುರುತು ಹೊಂದಬೇಕು, ಸಾಮಾನ್ಯವಾಗಿ ಹೆಸರು ಮತ್ತು ಹುಟ್ಟಿದ ದಿನ. ಅಜ್ಜ ಪ್ರಾಮಾಣಿಕವಾಗಿ ನಿಜ ಜನ್ಮದಿನ ಹೇಳಿಬಿಟ್ಟರೆ ಕೈಪಟ್ಟಿಯ ಮೇಲಿನ ದಿನಕ್ಕೆ ತಾಳೆಯಾಗದೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಬೇಕಾದದ್ದೇ.

"ಯಾವ ಕಾಲು" ಎಂಬ ಪ್ರಶ್ನೆಗೂ ಹಿನ್ನೆಲೆಯಿದೆ. ತಪ್ಪು ಕಡೆ ಕೊಯ್ಯುವ ಪ್ರಮಾದ ತಡೆಯಲು ಕೆನಡಾದ ಮೂಳೆ ಶಸ್ತ್ರವೈದ್ಯರ ಸಂಘ 1994ರಲ್ಲೇ ಒಂದು ಅಭಿಯಾನ ಶುರು ಮಾಡಿತು: ಸರ್ಜನ್ ತಾನೇ ಬಂದು, ರೋಗಿ ಎಚ್ಚರವಿರುವಾಗಲೇ, ಕೊಯ್ಯುವ ಜಾಗದಲ್ಲಿ ಮಾರ್ಕರ್‌ನಿಂದ ತನ್ನ ಇನಿಷಿಯಲ್ ಬರೆಯಬೇಕು. ಬಟ್ಟೆ ಹೊದಿಸಿದ ಮೇಲೂ ಆ ಅಕ್ಷರ ಕಾಣುತ್ತಿರಬೇಕು. ಅಮೆರಿಕದ ಮೂಳೆ ವೈದ್ಯರು ಇಂಥದ್ದನ್ನೇ ಕೈಗೆತ್ತಿಕೊಂಡದ್ದು ಅದಾದ ಕೆಲವು ವರ್ಷಗಳ ಮೇಲೆ.

ನಮ್ಮ ಹೆಂಗಸರಿಗೆ ಇನ್ನೊಂದು ಪರೀಕ್ಷೆ ಎಂದರೆ ತಾಳಿ, ಬಳೆ, ಕಾಲುಂಗುರ. ರಕ್ತನಾಳ ಸುಡಲು ವಿದ್ಯುತ್ ಬಳಸುವ ಉಪಕರಣವಿರುವಾಗ ಮೈಮೇಲೆ ಲೋಹವಿದ್ದರೆ ಸುಟ್ಟ ಗಾಯವಾಗುವ ಭಯ. ಬೆರಳು ಊದಿಕೊಂಡರೆ ಉಂಗುರ ರಕ್ತ ಸಂಚಾರವನ್ನೇ ತಡೆಯುತ್ತದೆ. ಕೆಲವು ಅಮ್ಮಂದಿರು ಇದಕ್ಕೆ ತಾವೇ ದಾರಿ ಹುಡುಕಿದ್ದಾರೆ: ಅರಿಸಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋಗುತ್ತಾರೆ, ಚಿನ್ನ ಮಗಳ ಪರ್ಸಿನಲ್ಲಿ. ಕಾಫಿಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಹಾಲಿಲ್ಲದ ತಿಳಿ ಪಾನೀಯಕ್ಕೆ ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೆ ಅವಕಾಶವಿರಬಹುದು. ಹಾಲು ಬೆರೆತರೆ ಅದು ಆಹಾರದ ಲೆಕ್ಕ, ಆರು ಗಂಟೆ ಕಾಯಬೇಕು. "ಬರೀ ಅರ್ಧ ಲೋಟ ಕಾಫಿ ಕುಡಿದೆ" ಎಂಬ ಒಂದು ಮಾತಿಗೆ ಆಪರೇಷನ್ ಮುಂದಕ್ಕೆ ಹೋಗಬಹುದು. ಹೊಟ್ಟೆಯಲ್ಲಿದ್ದದ್ದು ಪ್ರಜ್ಞೆಯಿಲ್ಲದ ಹೊತ್ತಿನಲ್ಲಿ ಶ್ವಾಸಕೋಶ ಸೇರಿದರೆ ಆಗುವ ಅನಾಹುತ ಗೊತ್ತಿದ್ದವರು ಆ ಲೋಟದ ಬಗ್ಗೆ ಸುಳ್ಳು ಹೇಳುವುದಿಲ್ಲ.

ಇವೆಲ್ಲ ಹೊರಗಿನ ಕೋಣೆಯ ಸಂಗತಿ. ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆ ಎಂಬುದನ್ನು ಜಗತ್ತಿನಲ್ಲೇ ಹೆಚ್ಚು ಶ್ರದ್ಧೆಯಿಂದ ಗಮನಿಸಿದ ಊರುಗಳಲ್ಲಿ ಟೊರಾಂಟೊ ಒಂದು. ಗಮನಿಸಿದವರಲ್ಲಿ ಮೊದಲಿಗೆ ಹೇಳಬೇಕಾದವರು ಲೊರೆಲೈ ಲಿಂಗಾರ್ಡ್. ಅವರು ಡಾಕ್ಟರಲ್ಲ, ಮಾತಿನ ಕಲೆಯ ಶಾಸ್ತ್ರ ಓದಿದ ವಿದ್ವಾಂಸೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿದ್ದಾಗ ಅವರ ತಂಡ ಆಪರೇಷನ್ ಕೋಣೆಯಲ್ಲಿ ನಿಂತು ಯಾರು ಯಾರಿಗೆ ಯಾವಾಗ ಏನು ಹೇಳುತ್ತಾರೆ ಎಂದು ಬರೆದುಕೊಂಡಿತು. 2004ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: 48 ಶಸ್ತ್ರಚಿಕಿತ್ಸೆ, 421 ಮಾತುಕತೆ, ಅದರಲ್ಲಿ 129 ಎಡವಿದವು. ಎಡವುವುದೆಂದರೆ ಜಗಳವಲ್ಲ. ಆ್ಯಂಟಿಬಯಾಟಿಕ್ ಕೊಟ್ಟಿದ್ದೀರಾ ಎಂದು ಕೊಯ್ದು ಬಹಳ ಹೊತ್ತಾದ ಮೇಲೆ ಕೇಳುವುದು. ರೋಗಿಯನ್ನು ಹೇಗೆ ಮಲಗಿಸಬೇಕೆಂದು ನರ್ಸ್ ಮತ್ತು ಅರಿವಳಿಕೆ ತಜ್ಞರು ಚರ್ಚೆ ಮುಗಿಸುವುದು, ಸರ್ಜನ್ ಇನ್ನೂ ಬಂದೇ ಇಲ್ಲ. ಪ್ರಶ್ನೆ ಸರಿ, ಹೊತ್ತು ತಪ್ಪು. ಮಾತು ಸರಿ, ಕೇಳಬೇಕಾದ ಕಿವಿ ಅಲ್ಲಿಲ್ಲ. ಅನಂತರ ಅದೇ ತಂಡ, ಕೊಯ್ಯುವ ಮುನ್ನ ಎಲ್ಲರೂ ಕೆಲವೇ ನಿಮಿಷ ಒಟ್ಟಿಗೆ ನಿಂತು ಮಾತನಾಡುವ ಪದ್ಧತಿಯನ್ನು ಒಂದು ಪಟ್ಟಿಯ ಸಹಾಯದಿಂದ ತಂದಿತು. 172 ಶಸ್ತ್ರಚಿಕಿತ್ಸೆಗಳನ್ನು ನೋಡಿದ 2008ರ ವರದಿಯಲ್ಲಿ ಇಂಥ ಎಡವಟ್ಟುಗಳು ಒಂದು ಆಪರೇಷನ್ನಿಗೆ ಸರಾಸರಿ 3.95 ಇದ್ದದ್ದು 1.31ಕ್ಕೆ ಇಳಿದಿದ್ದವು.

ಇದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆ ಬಾಸ್ಟನ್ನಿನ ಸರ್ಜನ್ ಅತುಲ್ ಗವಾಂಡೆಯವರ ಮುಂದಾಳತ್ವದಲ್ಲಿ 19 ಅಂಶಗಳ ಒಂದು ಪಟ್ಟಿ ಮಾಡಿ, ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪರೀಕ್ಷೆಗಿಳಿಸಿತು. ದೆಹಲಿಯ ಸೇಂಟ್ ಸ್ಟೀಫನ್ಸ್ ಅದರಲ್ಲಿತ್ತು, ತಾಂಜಾನಿಯಾದ ಇಫಾಕಾರಾ ಎಂಬ ಹಳ್ಳಿಗಾಡಿನ ಆಸ್ಪತ್ರೆಯಿತ್ತು, ಟೊರಾಂಟೊದ ಯೂನಿವರ್ಸಿಟಿ ಅವೆನ್ಯೂ ಮೇಲಿನ ಟೊರಾಂಟೊ ಜನರಲ್ ಕೂಡ ಇತ್ತು. ಇಲ್ಲಿನ ಹೊಣೆ ಹೊತ್ತವರು ಯೂನಿವರ್ಸಿಟಿ ಹೆಲ್ತ್ ನೆಟ್‌ವರ್ಕ್‌ನ ಆಗಿನ ಮುಖ್ಯ ಸರ್ಜನ್ ಬ್ರೈಸ್ ಟೇಲರ್. ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿ ಕೋಣೆ ಬಿಡುವ ಮುನ್ನ ಹೀಗೆ ಮೂರು ಕಡೆ ಎಲ್ಲರೂ ಕೈ ನಿಲ್ಲಿಸಿ ಬಾಯಿಬಿಟ್ಟು ಹೇಳಬೇಕು. ರೋಗಿ ಯಾರು, ಏನು ಮಾಡುತ್ತಿದ್ದೇವೆ, ಎಷ್ಟು ರಕ್ತ ಹೋಗಬಹುದು, ಆ್ಯಂಟಿಬಯಾಟಿಕ್ ಕಳೆದ 60 ನಿಮಿಷದೊಳಗೆ ಬಿತ್ತೇ, ಎಣಿಕೆ ಸರಿಯಿದೆಯೇ. ಜೊತೆಗೆ ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸ ಹೇಳಿಕೊಳ್ಳಬೇಕು. ಹಿರಿಯ ಸರ್ಜನ್‌ಗಳಿಗೆ ಕಸಿವಿಸಿ ತರುವುದು ಈ ಕೊನೆಯದೇ. ಅದರ ಹಿಂದಿನ ಲೆಕ್ಕಾಚಾರ ಸರಳ: ಒಮ್ಮೆ ಹೆಸರು ಹೇಳಿ ಬಾಯಿ ತೆರೆದವರಿಗೆ ಆಮೇಲೆ "ಸ್ವಲ್ಪ ನಿಲ್ಲಿ" ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ.

ಫಲಿತಾಂಶ 2009ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಪಟ್ಟಿಗೆ ಮುಂಚೆ 3,733 ರೋಗಿಗಳು, ಆಮೇಲೆ 3,955. ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕುಗಳು ಶೇ 11ರಿಂದ ಶೇ 7ಕ್ಕೆ. ಒಂದು ಹಾಳೆ ಕಾಗದ, ಖರ್ಚು ಇಲ್ಲವೆಂಬಷ್ಟು ಕಡಿಮೆ. ಇದನ್ನು ಕಂಡ ಸರ್ಕಾರಗಳು ಸುಮ್ಮನಿರುತ್ತವೆಯೇ? ಒಂಟಾರಿಯೊ ಪ್ರಾಂತ್ಯ 2010ರಲ್ಲಿ, ಆಸ್ಪತ್ರೆಗಳು ಪಟ್ಟಿಯನ್ನು ಎಷ್ಟರಮಟ್ಟಿಗೆ ಪಾಲಿಸುತ್ತಿವೆ ಎಂದು ಸಾರ್ವಜನಿಕವಾಗಿ ವರದಿ ಮಾಡಲೇಬೇಕೆಂದು ಆಜ್ಞೆ ಹೊರಡಿಸಿತು. ವರದಿಗಳೂ ಚೆನ್ನಾಗಿಯೇ ಬಂದವು. ಬಹುಪಾಲು ಆಸ್ಪತ್ರೆಗಳದ್ದು ಶೇ 90ಕ್ಕಿಂತ ಮೇಲೆ.

ನಾಲ್ಕು ವರ್ಷಗಳ ನಂತರ, 2014ರ ಮಾರ್ಚಿನಲ್ಲಿ, ಅದೇ ಪತ್ರಿಕೆಯಲ್ಲಿ ಟೊರಾಂಟೊದ ಸರ್ಜನ್ ಡೇವಿಡ್ ಉರ್ಬಾಕ್ ಮತ್ತು ಸಂಗಡಿಗರು ಈ ಉತ್ಸಾಹಕ್ಕೆ ತಣ್ಣೀರೆರಚಿದರು. ಒಂಟಾರಿಯೊದ 101 ಆಸ್ಪತ್ರೆಗಳು, ಪಟ್ಟಿಗೆ ಮುಂಚಿನ ಮೂರು ತಿಂಗಳು, ಅನಂತರದ ಮೂರು ತಿಂಗಳು, ಎರಡೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಸಾವು ಶೇ 0.71 ಇದ್ದದ್ದು ಶೇ 0.65. ತೊಡಕು ಶೇ 3.86 ಇದ್ದದ್ದು ಶೇ 3.82. ಲೆಕ್ಕಶಾಸ್ತ್ರದ ಕಣ್ಣಿನಲ್ಲಿ ಯಾವ ಬದಲಾವಣೆಯೂ ಇಲ್ಲ. ಜಗತ್ತಿಗೆ ಪಟ್ಟಿಯ ಗುಣ ತೋರಿಸಿದ ಎಂಟು ಊರುಗಳಲ್ಲೊಂದು ಟೊರಾಂಟೊ. ಅದು ಎಲ್ಲೆಡೆ ಫಲಿಸುವುದಿಲ್ಲ ಎಂದು ತೋರಿಸಿದ್ದೂ ಟೊರಾಂಟೊ.

ವಾದ ವಿವಾದ ಬೇಕಾದಷ್ಟು ನಡೆಯಿತು. ಮೂರು ತಿಂಗಳು ಸಾಲದು ಎಂದರು ಕೆಲವರು. ಆಗಲೇ ಸುರಕ್ಷಿತವಾಗಿದ್ದ ಆಸ್ಪತ್ರೆಗಳಲ್ಲಿ ಇಳಿಯಲು ಉಳಿದದ್ದೇ ಅಲ್ಪ ಎಂದರು ಇನ್ನು ಕೆಲವರು. ರೋಗಿ ಸುರಕ್ಷತೆಯ ಹಿರಿಯರಾದ ಲೂಸಿಯನ್ ಲೀಪ್ ಅದೇ ಸಂಚಿಕೆಯಲ್ಲಿ ಬರೆದದ್ದರ ಸಾರ, ಪಟ್ಟಿ ಸೋತಿಲ್ಲ, ಅದನ್ನು ನಿಜವಾಗಿ ಬಳಸಿಯೇ ಇರಲಿಕ್ಕಿಲ್ಲ ಎಂಬುದು. ನನಗೂ ಹಾಗೇ ಅನಿಸುತ್ತದೆ. ಆಜ್ಞೆ ಬಂದ ಮೇಲೆ ಪಟ್ಟಿ ಹಾಜರಿ ಪುಸ್ತಕವಾಗುತ್ತದೆ. ಮಕ್ಕಳು ಬಂದರೋ ಇಲ್ಲವೋ, ಸಂಜೆಯೊಳಗೆ ಕಾಲಂ ತುಂಬಿರುತ್ತದೆ. ಸರ್ಜನ್ ಕೈ ತೊಳೆಯುತ್ತಿರುವಾಗಲೇ ಪಟ್ಟಿ ಓದಿ ಮುಗಿದರೆ ಶೇಕಡಾವಾರು ಕೆಡುವುದಿಲ್ಲ.

ಇದು ಕೆನಡಾದ ಸೋಮಾರಿತನ ಎಂದು ಮೂಗು ಮುರಿಯುವಂತಿಲ್ಲ, ನಮ್ಮ ಮನೆಯಂಗಳದಲ್ಲೂ ಇದೇ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಪಟ್ಟಿಯ ಮೊದಲ ಪ್ರಯೋಗಗಳಲ್ಲೊಂದು 2010ರಲ್ಲಿ ಕರ್ನಾಟಕದ ತಾಲ್ಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಾಯಿತು, ಬೆಳಗಾವಿಯ ಜೆ.ಎನ್. ವೈದ್ಯಕೀಯ ಕಾಲೇಜಿನವರು ಅದರಲ್ಲಿ ಪಾಲ್ಗೊಂಡಿದ್ದರು. ಒಂದು ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ಆಗುತ್ತಿದ್ದಲ್ಲಿ 25 ಆಗತೊಡಗಿದವು. ಆಮೇಲೆ ಅದನ್ನು ಉತ್ತರ ಪ್ರದೇಶದ 120 ಆರೋಗ್ಯ ಕೇಂದ್ರಗಳಲ್ಲಿ ದೊಡ್ಡದಾಗಿ ಪರೀಕ್ಷಿಸಿದರು. ಸಿಬ್ಬಂದಿಯ ಕೆಲಸ ಸುಧಾರಿಸಿತು, ತಾಯಿ ಮಕ್ಕಳ ಸಾವು ಮಾತ್ರ ಇಳಿಯಲಿಲ್ಲ ಎಂದು 2017ರ ವರದಿ ಹೇಳಿತು. ಒಂದು ಕಡೆ ಗೆದ್ದದ್ದು ನೂರು ಕಡೆ ಹರಡುವಾಗ ಏನೋ ಸೋರಿಹೋಗುತ್ತದೆ. ಹಾಳೆಯ ಮೇಲಿನ ಅಕ್ಷರವಂತೂ ಸೋರುವುದಿಲ್ಲ.

ಪಟ್ಟಿಗಿಂತ ಹಳೆಯದಾದ, ಹೆಚ್ಚು ಮೊಂಡಾದ ಒಂದು ಪದ್ಧತಿಯ ಮೇಲೆ ನನಗೆ ಹೆಚ್ಚು ಭರವಸೆ: ಎಣಿಕೆ. ನಮ್ಮ ಕಡೆ ಓಟಿಯಲ್ಲಿ ಇದನ್ನು ಮಾಪ್ ಕೌಂಟ್ ಎನ್ನುತ್ತಾರೆ. ಹೊಟ್ಟೆಯ ಆಪರೇಷನ್ನಿನಲ್ಲಿ ರಕ್ತ ಒರೆಸಲು ಬಳಸುವ ದಪ್ಪ ಬಟ್ಟೆಗಳು ಐದೈದೋ ಹತ್ತತ್ತೋ ಕಟ್ಟಾಗಿ ಬರುತ್ತವೆ. ಪ್ರತಿಯೊಂದರಲ್ಲೂ ಎಕ್ಸ್‌ರೇಯಲ್ಲಿ ಕಾಣುವ ಒಂದು ನೀಲಿ ಎಳೆ. ಕೊಯ್ಯುವ ಮುನ್ನ ಇಬ್ಬರು ನರ್ಸ್‌ಗಳು, ಒಬ್ಬರು ಕೈಗವಸು ತೊಟ್ಟು ಮೇಜಿನ ಬಳಿ, ಇನ್ನೊಬ್ಬರು ಹೊರಗೆ ಓಡಾಡುವವರು, ಒಟ್ಟಿಗೆ ನೋಡುತ್ತಾ ಒಂದೊಂದನ್ನೂ ಬಿಡಿಸಿ ಗಟ್ಟಿಯಾಗಿ ಎಣಿಸುತ್ತಾರೆ. ಎರಡು ಬಟ್ಟೆ ಅಂಟಿಕೊಂಡಿದ್ದರೆ ಬೆರಳಿಗೆ ಸಿಗಬೇಕು, ಅದಕ್ಕೇ ಬಿಡಿಸುವುದು. ಸೂಜಿ, ಬ್ಲೇಡು, ಕ್ಲಿಪ್ಪು ಎಲ್ಲಕ್ಕೂ ಇದೇ ಶಾಸ್ತ್ರ. ಸಂಖ್ಯೆ ಗೋಡೆಯ ಬಿಳಿ ಹಲಗೆಯ ಮೇಲೆ ಏರುತ್ತದೆ. ನೆಂದ ಬಟ್ಟೆಗಳನ್ನು ಬುಟ್ಟಿಗೆ ಎಸೆದು ಮರೆಯುವಂತಿಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಜೇಬುಗಳಲ್ಲಿ ಒಂದೊಂದಾಗಿ ನೇತು ಹಾಕುತ್ತಾರೆ, ಖಾಲಿ ಜೇಬು ಕಂಡರೆ ಕೊರತೆ ಕಂಡಂತೆ. ಹೊಟ್ಟೆಯೊಳಗಿನ ಪದರ ಹೊಲಿಯುವ ಮುನ್ನ ಮತ್ತೆ ಎಣಿಕೆ, ಚರ್ಮ ಹೊಲಿಯುವ ಮುನ್ನ ಮತ್ತೆ, ನಡುವೆ ನರ್ಸ್ ಊಟಕ್ಕೆ ಹೋಗಿ ಬೇರೆಯವರು ಬಂದರೆ ಆಗಲೂ. ಒಂದು ಕಡಿಮೆ ಬಂದರೆ ಸರ್ಜನ್ ಹೊಲಿಗೆ ನಿಲ್ಲಿಸಬೇಕು. ನೆಲ, ಕಸದ ಚೀಲ, ಹೊದಿಕೆಯ ಮಡಿಕೆ ಎಲ್ಲ ಜಾಲಾಡಿದ ಮೇಲೂ ಸಿಗದಿದ್ದರೆ ಎಕ್ಸ್‌ರೇ ಯಂತ್ರ ಕೋಣೆಗೇ ಬರುತ್ತದೆ.

ಇಷ್ಟಾದರೂ ಉಳಿದುಬಿಡುತ್ತವೆ. ಕೆನಡಾದ ಆರೋಗ್ಯ ಮಾಹಿತಿ ಸಂಸ್ಥೆ 2019ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಎರಡು ವರ್ಷಗಳಲ್ಲಿ 553 ವಸ್ತುಗಳು ರೋಗಿಗಳ ದೇಹದೊಳಗೆ ಉಳಿದಿದ್ದವು. ಎಂದೂ ಆಗಕೂಡದ 15 ಪ್ರಮಾದಗಳೆಂದು 2015ರಲ್ಲಿ ದೇಶ ಮಾಡಿಕೊಂಡ ಪಟ್ಟಿಯಲ್ಲಿ ಇದೂ ಇದೆ. ಇಂಥದ್ದು ಆದಾಗ ಡಾಕ್ಟರು ರೋಗಿಯ ಮುಂದೆ ಬಂದು ಕ್ಷಮೆ ಕೇಳಬಹುದು. ಆ ಕ್ಷಮೆಯನ್ನು ಸಿವಿಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಗೆ ಎಂದು ಎತ್ತಿ ತೋರಿಸುವಂತಿಲ್ಲ ಎಂದು ಒಂಟಾರಿಯೊ 2009ರಲ್ಲಿ ಕಾನೂನನ್ನೇ ಮಾಡಿದೆ. ನಮ್ಮಲ್ಲೂ ಇಂಥದ್ದೊಂದು ಬೇಕು. ಆಸ್ಪತ್ರೆಯ ಗಾಜು ಒಡೆಯುವ ಸಿಟ್ಟಿನಲ್ಲಿ ಅರ್ಧ ಪಾಲು, ಯಾರೂ ಬಾಯಿ ಬಿಟ್ಟು ಏನಾಯಿತೆಂದು ಹೇಳಲಿಲ್ಲ ಎಂಬುದರದ್ದೇ ಇರುತ್ತದೆ.

ಒಳಗೆ ನಡೆಯುವುದನ್ನು ಹೇಳಿಕೆಗೆ ಬಿಡದೆ ದಾಖಲಿಸಿಯೇ ನೋಡೋಣ ಎಂದು ಹೊರಟವರು ಟೊರಾಂಟೊ ಡೌನ್‌ಟೌನಿನ ಸೇಂಟ್ ಮೈಕಲ್ಸ್ ಆಸ್ಪತ್ರೆಯಲ್ಲಿ ಆಗ ಸರ್ಜನ್ ಆಗಿದ್ದ ಟಿಯೊಡೊರ್ ಗ್ರಾಂಚರೋವ್. ವಿಮಾನದ ಕಪ್ಪು ಪೆಟ್ಟಿಗೆಯ ಹೆಸರಿಟ್ಟು, ಕೋಣೆಯ ಕ್ಯಾಮೆರಾ, ಮೈಕು, ಹೊಟ್ಟೆಯೊಳಗಿನ ಕ್ಯಾಮೆರಾದ ಚಿತ್ರ, ರೋಗಿಯ ನಾಡಿ ರಕ್ತದೊತ್ತಡ ಎಲ್ಲವನ್ನೂ ಒಂದೇ ಕಾಲಕ್ಕೆ ಹಿಡಿಯುವ ವ್ಯವಸ್ಥೆ ಮಾಡಿದರು. 132 ಲ್ಯಾಪ್ರೊಸ್ಕೋಪಿ ಆಪರೇಷನ್‌ಗಳ ಮೊದಲ ವರ್ಷದ ವಿಶ್ಲೇಷಣೆ 2020ರಲ್ಲಿ ಅಚ್ಚಾಯಿತು. ಒಂದು ಆಪರೇಷನ್ನಿನಲ್ಲಿ ಗಮನ ಸೆಳೆಯುವ ಸದ್ದುಗಳು ಮಧ್ಯಮ ಲೆಕ್ಕದಲ್ಲಿ 138. ಬಾಗಿಲು, ಯಂತ್ರದ ಅಲಾರಂ, ಫೋನು. ಸಣ್ಣಪುಟ್ಟ ತಪ್ಪುಗಳು 20. ಬಹುಪಾಲು ತಪ್ಪುಗಳು ಅಲ್ಲೇ ಸರಿಹೋಗುವಂಥವು, ರೋಗಿಗೆ ಅದರ ಸುಳಿವೂ ಇರುವುದಿಲ್ಲ. ಓದಿ ಬೆಚ್ಚಿದವರಿಗೆ ಒಂದು ಮಾತು: ಈ ಸಂಖ್ಯೆ ಟೊರಾಂಟೊದ್ದು ಎಂದು ಗೊತ್ತಿರುವುದು ಅಲ್ಲಿ ಎಣಿಸಿದ್ದರಿಂದ. ಎಣಿಸದ ಊರಿನ ಸಂಖ್ಯೆ ಸೊನ್ನೆಯಲ್ಲ.

ಅಪಾಯ ನಾವು ಹೆದರುವ ಕಡೆಯಿಂದಲೇ ಬರಬೇಕೆಂದಿಲ್ಲ ಎಂಬುದಕ್ಕೆ ಒಂಟಾರಿಯೊದ್ದೇ ಇನ್ನೆರಡು ಅಧ್ಯಯನಗಳಿವೆ. ರಾತ್ರಿಯಿಡೀ ಕೆಲಸ ಮಾಡಿದ ಸರ್ಜನ್ ಬೆಳಿಗ್ಗೆ ನಮಗೆ ಕತ್ತರಿ ಹಾಕಿದರೆ ಎಂಬ ಭಯ ಎಲ್ಲರಿಗೂ ಇದೆ. ಸುಮಾರು 39 ಸಾವಿರ ರೋಗಿಗಳನ್ನು ನೋಡಿದ 2015ರ ಅಧ್ಯಯನದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಆಪರೇಷನ್ ನಡುವೆ ಒಬ್ಬ ಅರಿವಳಿಕೆ ತಜ್ಞರು ಇನ್ನೊಬ್ಬರಿಗೆ ರೋಗಿಯನ್ನು ಪೂರ್ತಿ ಒಪ್ಪಿಸಿ ಹೊರಟರೆ? ಮೂರು ಲಕ್ಷಕ್ಕೂ ಹೆಚ್ಚು ದೊಡ್ಡ ಶಸ್ತ್ರಚಿಕಿತ್ಸೆಗಳನ್ನು ಜಾಲಾಡಿದ 2018ರ ಅಧ್ಯಯನದಲ್ಲಿ ಹಾಗೆ ಕೈ ಬದಲಾದವರಿಗೆ ಕೆಟ್ಟ ಪರಿಣಾಮ ಹೆಚ್ಚಾಗಿ ಕಂಡಿತು. ವಯಸ್ಸು, ಕಾಯಿಲೆಯ ತೀವ್ರತೆ ಎಲ್ಲ ಕಳೆದ ಮೇಲೂ ನೂರಕ್ಕೆ ಸುಮಾರು ಏಳರಷ್ಟು. ದಣಿದ ಮನುಷ್ಯನಿಗೆ ರೋಗಿಯ ಕಥೆ ಗೊತ್ತಿರುತ್ತದೆ. ಹೊಸದಾಗಿ ಬಂದವರಿಗೆ ಅದನ್ನು ಯಾರೋ ಹೇಳಬೇಕು.

ಅರಿವಳಿಕೆಯ ಮಾತು ಬಂದದ್ದರಿಂದ ಟೊರಾಂಟೊದ ಇನ್ನೊಂದು ದೊಡ್ಡ ಕೊಡುಗೆ ನೆನೆಯಬೇಕು. 1960ರಲ್ಲಿ ಮೆಲ್ಬರ್ನ್‌ನ ವೈದ್ಯರು ಕಾಲು ಮುರಿದ 21ರ ಹುಡುಗನೊಬ್ಬನ ಬಗ್ಗೆ ಬರೆದರು. ಅವನಿಗೆ ಮೂಳೆಗಿಂತ ಅರಿವಳಿಕೆಯದ್ದೇ ಭಯ, ಏಕೆಂದರೆ ಬಂಧುಗಳಲ್ಲಿ ಹತ್ತು ಜನ ಅದರಲ್ಲೇ ತೀರಿಕೊಂಡಿದ್ದರು. ಕೆಲವು ಅರಿವಳಿಕೆ ಅನಿಲಗಳಿಗೆ ಕೆಲವರ ಸ್ನಾಯುಗಳು ಬಿಗಿದು, ಮೈ ಕುದಿಯುವಂತೆ ಬಿಸಿಯೇರಿ ಸಾವು ಬರುವ ಈ ವಂಶಪಾರಂಪರ್ಯದ ದೋಷವನ್ನು ಟೊರಾಂಟೊದಲ್ಲಿ ವರ್ನರ್ ಕಾಲೋ ಮತ್ತು ಅರಿವಳಿಕೆ ತಜ್ಞೆ ಬೆವರ್ಲಿ ಬ್ರಿಟ್ ಬೆನ್ನು ಹತ್ತಿದರು. ಸ್ನಾಯುವಿನ ತುಣುಕಿಗೆ ಕೆಫೀನ್ ಹಾಕಿ ದೋಷ ಪತ್ತೆ ಮಾಡುವ ದಾರಿ 1970ರ ಹೊತ್ತಿಗೆ ಅವರಿಂದ ಸಿಕ್ಕಿತು. 1990ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಮೆಕ್‌ಲೆನನ್ ತಂಡ ಇದಕ್ಕೆ ಸಂಬಂಧಿಸಿದ ಜೀನ್ ಗುರುತಿಸಿತು. ಇದಕ್ಕಿರುವ ಮದ್ದು ಡ್ಯಾಂಟ್ರೊಲೀನ್. ಹಳೆಯ ಬಗೆಯ ಪುಡಿಯ ಒಂದೊಂದು ಸೀಸೆಯಲ್ಲಿ 20 ಮಿಲಿಗ್ರಾಂ, ಅದನ್ನು 60 ಮಿಲಿಲೀಟರ್ ನೀರಿನಲ್ಲಿ ಕುಲುಕಿ ಕುಲುಕಿ ಕರಗಿಸಬೇಕು. 36 ಸೀಸೆ ಇಟ್ಟುಕೊಂಡಿರಬೇಕೆಂಬುದು ವಾಡಿಕೆಯ ಸಲಹೆ. ರೋಗಿಯ ಮೈ ಕಾಯುತ್ತಿರುವಾಗ ಒಬ್ಬರೇ ಕುಲುಕುತ್ತಾ ಕೂತರೆ ಕೆಲಸ ಕೆಟ್ಟಿತು. ಪಕ್ಕದ ಕೋಣೆಗಳಿಂದಲೂ ಕೈಗಳು ಬರಬೇಕು, ಒಬ್ಬರು ಗಡಿಯಾರ ನೋಡಬೇಕು, ಒಬ್ಬರು ಮಂಜುಗಡ್ಡೆ ತರಬೇಕು, ಒಬ್ಬರು ಇದನ್ನೆಲ್ಲ ಜೋರಾಗಿ ಹೇಳುತ್ತಿರಬೇಕು. ಆದ್ದರಿಂದ ಇದನ್ನು ನಾಟಕದಂತೆ ಅಭ್ಯಾಸ ಮಾಡಿಸುತ್ತಾರೆ.

ಒಟ್ಟಿಗೆ ಅಭ್ಯಾಸವಿದ್ದವರೇ ಒಟ್ಟಿಗೆ ನಿಂತರೆ ಏನಾಗುತ್ತದೆ ಎಂದು ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯ ಜೂಲಿ ಹಾಲೆ ಮತ್ತು ಸಂಗಡಿಗರು ಒಂಟಾರಿಯೊದ ಜೀರ್ಣಾಂಗ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳಲ್ಲಿ ಹುಡುಕಿದರು. ಅದೇ ಸರ್ಜನ್ ಅದೇ ಅರಿವಳಿಕೆ ತಜ್ಞರೊಂದಿಗೆ ವರ್ಷಕ್ಕೆ ಒಂದು ಹೆಚ್ಚು ಆಪರೇಷನ್ ಮಾಡಿದಷ್ಟೂ ದೊಡ್ಡ ತೊಡಕಿನ ಸಂಭವ ಶೇ 5ರಷ್ಟು ಇಳಿಯುತ್ತಾ ಹೋಗುತ್ತಿತ್ತು. ಆದರೆ ಇಂಥ ಒಂದು ಜೋಡಿ ಇಂಥ ಆಪರೇಷನ್ನಿಗೆ ವಾಸ್ತವವಾಗಿ ಒಟ್ಟಿಗೆ ನಿಲ್ಲುತ್ತಿದ್ದದ್ದು ಮಧ್ಯಮ ಲೆಕ್ಕದಲ್ಲಿ ವರ್ಷಕ್ಕೆ ಒಂದೇ ಬಾರಿ. ದೊಡ್ಡ ಆಸ್ಪತ್ರೆಗಳಲ್ಲಿ ಯಾರು ಯಾರ ಜೊತೆ ನಿಲ್ಲಬೇಕೆಂದು ತೀರ್ಮಾನವಾಗುವುದು ಡ್ಯೂಟಿ ಪಟ್ಟಿಯಲ್ಲಿ. ಆ ಪಟ್ಟಿ ಮಾಡುವವರ ಮುಂದೆ ಇರುವುದು ರಜೆಯ ಅರ್ಜಿಗಳು, ಕೋಣೆಗಳ ಸಂಖ್ಯೆ, ಕಾಯುತ್ತಿರುವ ರೋಗಿಗಳ ಸಾಲು. ಈ ಇಬ್ಬರು ಹಿಂದೆ ಎಷ್ಟು ಸಲ ಎದುರುಬದುರು ನಿಂತಿದ್ದಾರೆ ಎಂಬ ಕಾಲಂ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.